ತಿರಸ್ಕೃತ ಅರ್ಜಿಗಳ ಪುಸ್ತಕ

1 ಜುಲೈ 2024, ಸೋಮವಾರ

ಹೊಸ ತಹಶೀಲ್ದಾರ್ ಸಾಹೇಬರು ಚಾರ್ಜ್ ತೆಗೆದುಕೊಂಡರು. ಲೋಕಸಭೆ ಚುನಾವಣೆ ಮುಗಿದು ವರ್ಗಾವಣೆಯ ಹಂಗಾಮು ಶುರುವಾಗಿದೆ. ಬೆಳಿಗ್ಗೆ ಹೋಗುವವರಿಗೊಂದು ಹಾರ, ಮಧ್ಯಾಹ್ನ ಬರುವವರಿಗೊಂದು ಹಾರ. ಎರಡನ್ನೂ ದಫೇದಾರ್ ಒಂದೇ ಸಲ ತಂದು ಟಪ್ಪಾಲು ಟೇಬಲ್ ಮೇಲೆ ಇಟ್ಟಿದ್ದ.

ಹುಡುಗ ವಯಸ್ಸು, ಮೂವತ್ತೈದು ದಾಟಿರಲಿಕ್ಕಿಲ್ಲ. ಮೊದಲ ಸಭೆಯಲ್ಲೇ ಹೇಳಿದ್ದಿಷ್ಟು: ಹತ್ತಕ್ಕೆ ಸರಿಯಾಗಿ ಎಲ್ಲರೂ ಬೆರಳು ಒತ್ತಬೇಕು, ಎಲ್ಲ ಸೆಕ್ಷನ್‌ಗೂ ಸಿ.ಸಿ. ಕ್ಯಾಮೆರಾ ಬರುತ್ತದೆ, ದಿನದ ಪ್ರಗತಿ ಸಂಜೆ ಐದರೊಳಗೆ ಹೊಸ ವಾಟ್ಸ್‌ಆ್ಯಪ್ ಗುಂಪಿಗೆ ಬೀಳಬೇಕು. ಇದೇ ಪ್ರಗತಿಯನ್ನು ಈಗಾಗಲೇ ಇನ್ನೆಷ್ಟು ಗುಂಪಿಗೆ ಹಾಕುತ್ತಿದ್ದೇವೆ ಎಂದು ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ‘ಆಯ್ತು ಸಾರ್’ ಎಂದು ಎದ್ದೆವು. ಸರ್ವೀಸಿಗೆ ಸೇರಿದಾಗಿನಿಂದ ನೋಡುತ್ತಿದ್ದೇನೆ, ಸಭೆ ಯಾವುದೇ ಇರಲಿ, ನಡಾವಳಿಯ ಕೊನೆಯ ಸಾಲು ಇದೇ.

10 ಜುಲೈ, ಬುಧವಾರ

ಕ್ಯಾಮೆರಾ ಬಂತು. ಯಾವ ಕುರ್ಚಿ ಅದರ ಕಣ್ಣಿಗೆ ಬೀಳುತ್ತದೆ, ಯಾವುದು ಬೀಳುವುದಿಲ್ಲ ಎಂಬುದು ಊಟದ ಹೊತ್ತಿಗೆಲ್ಲ ಎಲ್ಲರಿಗೂ ಗೊತ್ತಾಗಿತ್ತು. ನಮ್ಮ ‘ಖಾಯಂ ಅರ್ಜಿದಾರರು’ (ದಲ್ಲಾಳಿಗಳನ್ನು ನಾವು ಕರೆಯುವುದು ಹಾಗೆ) ಎದುರಿನ ಜೆರಾಕ್ಸ್ ಅಂಗಡಿಗೆ ವಲಸೆ ಹೋಗಿದ್ದಾರೆ. ಹಾಜರಾತಿ ನೂರಕ್ಕೆ ನೂರು. ಬಾಕಿ ಕಡತ ಎಷ್ಟಿದ್ದವೋ ಅಷ್ಟೇ.

ಸಂಜೆ ಒಬ್ಬ ಮುದುಕಪ್ಪ ನನ್ನ ಟೇಬಲ್ ಹತ್ತಿರ ಬಂದು ನಿಂತ. ಅವನ ಅಪ್ಪನಿಗೆ ದರಖಾಸ್ತಿನಲ್ಲಿ ಎರಡೆಕರೆ ಮಂಜೂರಾಗಿತ್ತಂತೆ. ಸಾಗುವಳಿ ಚೀಟಿ ಇದೆ, ಪಹಣಿಯಲ್ಲಿ ಹೆಸರಿದೆ, ಸ್ಥಳದಲ್ಲಿ ರಾಗಿ ಬೆಳೆಯುತ್ತಿದೆ. ಪೋಡಿ ಮಾತ್ರ ಆಗಿಲ್ಲ. ಸರ್ವೆ ನಂಬರು ದೊಡ್ಡದು, ಅದರಲ್ಲಿ ಇನ್ನೂ ಎಷ್ಟೋ ಜನ ಮಂಜೂರುದಾರರು. ತನ್ನದು ಇಲ್ಲಿಂದ ಇಲ್ಲಿಗೆ ಎಂದು ನಕ್ಷೆ ಇಲ್ಲದೆ ಮಕ್ಕಳಿಗೆ ಭಾಗ ಮಾಡುವುದಕ್ಕೂ ಆಗುವುದಿಲ್ಲ.

ಕಡತ ತರಿಸಿ ನೋಡಿದೆ. ಸರ್ವೆಗೆ ಹೋಗುವ ಮೊದಲು ನಾವು ಒಂದರಿಂದ ಐದು ನಮೂನೆ ತುಂಬಿ ಕಳಿಸಬೇಕು, ಆಮೇಲೆ ಆರರಿಂದ ಹತ್ತು ಅವರು ಮಾಡುತ್ತಾರೆ. ಈ ಕಡತ ‘ಒಂದು–ಐದ’ರಲ್ಲೇ ಇದೆ. ವಿಷಯ ನಿರ್ವಾಹಕರಿಂದ ಕಂದಾಯ ನಿರೀಕ್ಷಕರಿಗೆ (ಆರ್.ಐ.), ಅಲ್ಲಿಂದ ಗ್ರಾಮ ಆಡಳಿತಾಧಿಕಾರಿಗೆ, ಮತ್ತೆ ಆರ್.ಐ.ಗೆ, ಮತ್ತೆ ಇಲ್ಲಿಗೆ. ಟಿಪ್ಪಣಿ ಹಾಳೆಯಲ್ಲಿ ‘ಪರಿಶೀಲಿಸಿ ಮಂಡಿಸಿ’, ‘ಮೂಲ ಮಂಜೂರಾತಿ ಕಡತ ಹುಡುಕಿಸಿ’, ‘ಚರ್ಚಿಸಿ’. ಆ ‘ಚರ್ಚಿಸಿ’ಯ ಕೆಳಗೆ ಚರ್ಚೆ ನಡೆದ ಗುರುತೇ ಇಲ್ಲ. ಸಾಹೇಬರು ಬದಲಾದ ಮೇಲೆ ಹೊಸಬರು ಇನ್ನೊಮ್ಮೆ ‘ಚರ್ಚಿಸಿ’ ಎಂದಿದ್ದಾರೆ.

‘ಅವ್ವಾ, ಯಾರು ಸೈ ಹಾಕಿದ್ರೆ ಮುಗೀತದೆ ಇದು?’ ಎಂದು ಕೇಳಿದ. ಹಾಳೆ ತುಂಬ ಸಹಿಗಳೇ ಇದ್ದವು, ನನ್ನದೂ ಸೇರಿ. ‘ಮಾಡಿ’ ಎಂದು ಬರೆದ ಸಹಿ ಒಂದೂ ಇರಲಿಲ್ಲ.

16 ಜುಲೈ, ಮಂಗಳವಾರ

ಏಳನೇ ವೇತನ ಆಯೋಗದ ಶಿಫಾರಸಿಗೆ ನಿನ್ನೆ ಸಚಿವ ಸಂಪುಟ ಒಪ್ಪಿದೆ. ಆಗಸ್ಟ್ 1ರಿಂದ ಜಾರಿ, ಫಿಟ್‌ಮೆಂಟ್ ಶೇ 27.5. ಕಚೇರಿಯಲ್ಲಿ ದಿನವಿಡೀ ಅದೇ ಲೆಕ್ಕ. ಮಧ್ಯಾಹ್ನ ಪೇಡ ಹಂಚಿದರು. ಭೂಮಿ ಕೇಂದ್ರದ ಹೊರಗುತ್ತಿಗೆ ಹುಡುಗಿಯ ಕೈಗೂ ಒಂದು ಇಟ್ಟರು. ಅವಳಿಗೆ ಯಾವ ಆಯೋಗವೂ ಇಲ್ಲ, ಏಜೆನ್ಸಿಯಿಂದ ಎರಡು ತಿಂಗಳ ಸಂಬಳವೂ ಬಂದಿಲ್ಲ. ತಿಂದಳು.

ಸಂಬಳ ಹೆಚ್ಚಿದರೆ ಕೆಲಸ ತಾನಾಗಿ ಸುಧಾರಿಸುತ್ತದೆ ಎನ್ನುವವರೂ ಇದ್ದಾರೆ, ನಮಗೆ ಕೊಡುವುದೇ ದಂಡ ಎನ್ನುವವರೂ ಇದ್ದಾರೆ. ಸಂಬಳ ಬೇಕು, ಅದು ಮನೆ ನಡೆಸುತ್ತದೆ. ಕಡತ ನಡೆಸಿದ್ದನ್ನು ನಾನು ಕಂಡಿಲ್ಲ.

29 ಜುಲೈ, ಸೋಮವಾರ

ಸಾಹೇಬರಿಗೆ ಸಕಾಲದ ಅಂಕಿ ಎಂದರೆ ಪ್ರೀತಿ. ಜಿಲ್ಲೆಯ ಪಟ್ಟಿಯಲ್ಲಿ ನಮ್ಮ ತಾಲ್ಲೂಕು ಮೇಲಿನ ಸಾಲಿನಲ್ಲಿದೆ ಎಂದು ಸಭೆಯಲ್ಲಿ ಶಹಬ್ಬಾಸ್ ಹೇಳಿದರು. ಸಭೆ ಮುಗಿದ ಮೇಲೆ ಛೇಂಬರಿಗೆ ಹೋಗಿ, ಒಂದು ಮಾತು ಹೇಳಬಹುದೇ ಎಂದೆ.

ಸಕಾಲ ಬಂದ ಹೊಸದರಲ್ಲಿ ನಾನು ಇನ್ನೊಂದು ತಾಲ್ಲೂಕಿನಲ್ಲಿ ವಿಷಯ ನಿರ್ವಾಹಕಿ. 2011ರ ಕಾಯ್ದೆ. ಮೊದಲು ಔರಾದ್, ಧಾರವಾಡ, ಚಿತ್ರದುರ್ಗ, ಪುತ್ತೂರು ಈ ನಾಲ್ಕು ತಾಲ್ಲೂಕುಗಳಲ್ಲಿ ಪ್ರಯೋಗ ಮಾಡಿ, 2012ರ ಏಪ್ರಿಲ್ 2ರಿಂದ 11 ಇಲಾಖೆಗಳ 151 ಸೇವೆಗಳಿಗೆ ರಾಜ್ಯದಾದ್ಯಂತ ತಂದರು. ಹೇಳಿದ ದಿನಕ್ಕೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಅಧಿಕಾರಿಯ ಕೈಯಿಂದ ಅರ್ಜಿದಾರರಿಗೆ. ಹಣ ದೊಡ್ಡದಲ್ಲ. ಆದರೆ ತಡವಾಯಿತೆಂದು ಜನ ಕೇಳಬಹುದು, ನಾವು ಕೊಡಬೇಕು ಎಂಬುದೇ ಕಚೇರಿಗೆ ಹೊಸದಾಗಿತ್ತು. ಅದಕ್ಕೂ ಹಿಂದೆ ಮನೆ ಬಾಗಿಲಿಗೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಕಾಲವೊಂದಿತ್ತು, ದೆವ್ವ ಓದಿಕೊಂಡು ವಾಪಸ್ ಹೋಗಲಿ ಅಂತ. ಬಾಗಿಲಿಗೆ ಬರೆಯದೆಯೇ ನಾವು ಅದನ್ನು ಜನರಿಗೆ ಓದಿಸುತ್ತಿದ್ದೆವು. ಸಕಾಲ ಬಂದ ಮೊದಲ ವರ್ಷ ಅದು ನಿಜವಾಗಿಯೂ ನಿಂತಿತ್ತು. ನಾನು ಕಂಡಿದ್ದೇನೆ.

ಆಮೇಲೆ ಕಚೇರಿ ಸಕಾಲವನ್ನು ಪಳಗಿಸಿಕೊಂಡಿತು. ದಾರಿ ಎರಡು. ಒಂದು, ‘ಎಲ್ಲ ಕಾಗದ ತನ್ನಿ, ಆಮೇಲೆ ನಂಬರ್ ಕೊಡ್ತೀವಿ’ ಎಂದು ಅರ್ಜಿಯನ್ನು ಡ್ರಾಯರಿನಲ್ಲಿ ಇಟ್ಟುಕೊಳ್ಳುವುದು. ನಂಬರ್ ಬಿದ್ದರೆ ತಾನೇ ಗಡಿಯಾರ ಓಡುವುದು? ಆನ್‌ಲೈನ್ ಬಂದ ಮೇಲೆ ಇದು ಕಡಿಮೆಯಾಗಿದೆ. ಇನ್ನೊಂದು, ಕೊನೆಯ ದಿನ ಅರ್ಜಿಯನ್ನು ತಿರಸ್ಕರಿಸುವುದು. ತಿರಸ್ಕರಿಸಿದರೂ ಅದು ‘ಸಕಾಲದಲ್ಲಿ ವಿಲೇ’ಯೇ. ತಡ ಮಾಡಿದವನಿಗೆ ದಂಡವಿದೆ, ತಪ್ಪಾಗಿ ‘ಇಲ್ಲ’ ಎಂದವನಿಗೆ ಇಲ್ಲ. ಮೇಲ್ಮನವಿ ಇದೆ, ನಿಜ. ಆದರೆ ಅರ್ಜಿದಾರ ಮೇಲ್ಮನವಿಗೆ ಹೋಗುವುದಕ್ಕಿಂತ ಮೊದಲು ಎದುರಿನ ಜೆರಾಕ್ಸ್ ಅಂಗಡಿಗೆ ಹೋಗುತ್ತಾನೆ.

‘ಹಾಗಾದ್ರೆ ನಮ್ಮ ಅಂಕಿ ಸುಳ್ಳಾ, ಮೇಡಂ?’

‘ಸುಳ್ಳಲ್ಲ ಸಾರ್. ಎಲ್ಲ ಅರ್ಜಿಗೂ ಹೇಳಿದ ದಿನಕ್ಕೆ ಉತ್ತರ ಕೊಟ್ಟಿದ್ದೀವಿ.’

ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಳೆದ ಮೂರು ತಿಂಗಳಲ್ಲಿ ತಿರಸ್ಕೃತವಾದವುಗಳ ಪಟ್ಟಿ ಕೇಳಿದರು. ಸಿಟ್ಟು ಮಾಡಿಕೊಳ್ಳಲಿಲ್ಲ. ಅದು ನಾನು ನಿರೀಕ್ಷಿಸಿರದ ಸಂಗತಿ.

12 ಆಗಸ್ಟ್, ಸೋಮವಾರ

ಇವತ್ತಿನಿಂದ ಒಂದು ಪುಸ್ತಕ. ರಟ್ಟಿನ ಹೊದಿಕೆಯ ಸಾಮಾನ್ಯ ಲೆಡ್ಜರು. ತಿರಸ್ಕರಿಸಿದ ಪ್ರತಿ ಅರ್ಜಿಯ ಸಂಖ್ಯೆ, ಊರು, ಕೋರಿಕೆ, ತಿರಸ್ಕರಿಸಿದ ಕಾರಣ. ಕಾರಣವನ್ನು ತಂತ್ರಾಂಶದಲ್ಲಿ ಆರಿಸಿದ ಮಾತಿನಲ್ಲಿ ಬರೆಯುವ ಹಾಗಿಲ್ಲ, ಎದುರಿಗೆ ಕೂತ ಅರ್ಜಿದಾರನಿಗೆ ಹೇಳುವ ಹಾಗೆ ಬರೆಯಬೇಕು. ಸೋಮವಾರ ಹತ್ತೂವರೆಗೆ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದುವುದು.

ಮೊದಲ ಓದು ಕೆಟ್ಟದಾಗಿ ಹೋಯಿತು. ಸಾಹೇಬರು ನ್ಯಾಯಾಲಯದಲ್ಲಿ ಕೂತವರ ಹಾಗೆ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು. ಎಲ್ಲರೂ ಬೇರೆಯವರ ಕಡೆ ಕೈ ತೋರಿಸಿದರು. ವಿಷಯ ನಿರ್ವಾಹಕ ಆರ್.ಐ. ಕಡೆಗೆ, ಆರ್.ಐ. ಗ್ರಾಮ ಆಡಳಿತಾಧಿಕಾರಿ ಕಡೆಗೆ, ಅವರು ಸರ್ವರ್ ಕಡೆಗೆ.

ಒಂದು ಪೌತಿ ಖಾತೆ (ತೀರಿಕೊಂಡವರ ಹೆಸರಿನ ಜಮೀನು ವಾರಸುದಾರರ ಹೆಸರಿಗೆ). ಮರಣ ಪ್ರಮಾಣ ಪತ್ರದಲ್ಲಿ ಹೆಸರಿನ ಕೊನೆಗೆ ‘ಯ್ಯ’, ಪಹಣಿಯಲ್ಲಿ ‘ಪ್ಪ’. ‘ದಾಖಲೆ ಅಪೂರ್ಣ’ ಎಂದು ತಿರಸ್ಕೃತ. ಸಭೆ ಮುಗಿದ ಮೇಲೆ, ಅದನ್ನು ತಿರಸ್ಕರಿಸಿದ ಎಸ್.ಡಿ.ಎ. ಹುಡುಗ ನನ್ನ ಹತ್ತಿರ ಬಂದ. ಒಳ್ಳೆಯ ಹುಡುಗ, ಪರೀಕ್ಷೆ ಬರೆದು ಬಂದವನು, ಒಂದು ಕಾಸು ಮುಟ್ಟುವವನಲ್ಲ.

‘ಇಬ್ರೂ ಒಬ್ನೇ ಅಂತ ನಂಗೂ ಗೊತ್ತು ಅಕ್ಕ. ಊರಿಗೇ ಗೊತ್ತು. ನಾಳೆ ಅವನ ತಮ್ಮನ ಮಗ ಎ.ಸಿ. ಕೋರ್ಟಿಗೆ ಹೋದ್ರೆ ನೋಟಿಸಲ್ಲಿ ಬರೋದು ನನ್ನ ಹೆಸರು. ತಿರಸ್ಕಾರ ಮಾಡಿದ್ರೆ ಯಾರೂ ಏನೂ ಕೇಳಲ್ಲ. ಮಾಡದೆ ಇದ್ದಿದ್ದಕ್ಕೆ ಈ ಕಚೇರೀಲಿ ಯಾರಿಗೂ ಅಮಾನತಾಗಿಲ್ಲ, ಮಾಡಿದ್ದಕ್ಕೇ ಆಗಿರೋದು.’

ರಾತ್ರಿ ಅದನ್ನೇ ಯೋಚಿಸುತ್ತಿದ್ದೇನೆ. ಸರ್ಕಾರಿ ಕಚೇರಿ ಎಂದರೆ ಹೊರಗಿನವರು ಸೋಮಾರಿತನ ಎನ್ನುತ್ತಾರೆ, ಲಂಚ ಎನ್ನುತ್ತಾರೆ. ಎರಡೂ ಇವೆ, ಇಲ್ಲ ಎಂದರೆ ನನ್ನ ನಾಲಿಗೆ ಸೇದಿಹೋದೀತು. ಆದರೆ ಇಲ್ಲಿ ನಾವು ದಿನಾ ಕುಡಿಯುವ ನೀರು, ಉಸಿರಾಡುವ ಗಾಳಿ ಎಂದರೆ ಭಯ. ‘ಮಂಡಿಸಿ’, ‘ಚರ್ಚಿಸಿ’, ‘ನಿಯಮಾನುಸಾರ’ ಎಲ್ಲ ಅದರಿಂದಲೇ ಹುಟ್ಟುವುದು. ಲಂಚ ತಿನ್ನುವವನಿಗೂ ಬಂಡವಾಳ ಅದೇ: ‘ನಿಮಗೋಸ್ಕರ ರಿಸ್ಕ್ ತಗೊಂಡು ಮಾಡ್ತಿದೀನಿ’ ಎಂದು ಆ ಭಯಕ್ಕೆ ಒಂದು ಬೆಲೆ ಕಟ್ಟಿ ಮಾರುತ್ತಾನೆ. ಪ್ರಾಮಾಣಿಕನು ಮಾರುವುದಿಲ್ಲ, ತಿರಸ್ಕರಿಸಿ ಮನೆಗೆ ಹೋಗುತ್ತಾನೆ. ಅರ್ಜಿದಾರನ ಪಾಲಿಗೆ ಇಬ್ಬರಲ್ಲಿ ಯಾರು ಮೇಲು? ಇದನ್ನು ಕಚೇರಿಯಲ್ಲಿ ಹೇಳಿದರೆ ಜಗಳವಾಗುತ್ತದೆ, ಇಲ್ಲೇ ಬರೆದಿಡುತ್ತೇನೆ.

ಸಾಹೇಬರಿಗೆ ಇಷ್ಟು ಮಾತ್ರ ಹೇಳಿದೆ: ಓದುವಾಗ ಯಾರನ್ನೂ ಎಬ್ಬಿಸಿ ನಿಲ್ಲಿಸಬೇಡಿ. ಯಾರು ತಿರಸ್ಕರಿಸಿದರು ಎಂದು ಕೇಳಬೇಡಿ. ಇದನ್ನು ಮಂಜೂರು ಮಾಡಬೇಕಿದ್ದರೆ ಏನು ಬೇಕಿತ್ತು ಎಂದು ಕೇಳಿ.

26 ಆಗಸ್ಟ್, ಸೋಮವಾರ

ಕೇಳಿದರು. ಆ ಪೌತಿ ಖಾತೆಗೆ ಬೇಕಾಗಿದ್ದದ್ದು ಊರಿನ ನಾಲ್ಕು ಜನರ ಮಹಜರು, ಗ್ರಾಮ ಆಡಳಿತಾಧಿಕಾರಿಯ ವರದಿ, ಹಳೆಯ ಪಡಿತರ ಚೀಟಿ. ಅರ್ಜಿ ಹೊಸದಾಗಿ ಹಾಕಿಸಿ ಮಂಜೂರು ಮಾಡಿದೆವು.

‘ಚರ್ಚಿಸಿ’ಗೆ ಒಂದು ಕಟ್ಟು: ಬರೆದವರು ಅದೇ ದಿನ ಕರೆದು ಚರ್ಚಿಸಬೇಕು, ತೀರ್ಮಾನವನ್ನು ಅದೇ ಹಾಳೆಯಲ್ಲಿ ತಾವೇ ಬರೆಯಬೇಕು. ಇದರಿಂದ ಹೆಚ್ಚು ಕಷ್ಟವಾದದ್ದು ಸಾಹೇಬರಿಗೇ.

15 ಸೆಪ್ಟೆಂಬರ್, ಭಾನುವಾರ

ಎಂಜಿನಿಯರುಗಳ ದಿನ. ಸರ್ ಎಂ. ವಿಶ್ವೇಶ್ವರಯ್ಯನವರ ಸಮಾರಂಭಕ್ಕೆ ಸಾಹೇಬರ ಬದಲು ನಾನು ಹೋಗಿದ್ದೆ. ಇಬ್ಬರು ಭಾಷಣಕಾರರು, ಇಬ್ಬರದೂ ಎರಡು ದೀಪದ ಕಥೆ: ಸರ್ಕಾರದ ಕೆಲಸಕ್ಕೊಂದು ದೀಪ, ಸ್ವಂತ ಕೆಲಸಕ್ಕೊಂದು. ಕೇಳಿ ಕೇಳಿ ನನಗೆ ಆ ದೀಪಗಳ ಮೇಲೇ ಕನಿಕರ ಬಂದಿದೆ. 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಅವರು ಕಚೇರಿಗಳಿಗೆ ಕಾರ್ಯವಿಧಾನದ ಕೈಪಿಡಿಗಳನ್ನು ಮಾಡಿಸಿದ್ದು, ಹಣದ ಲೆಕ್ಕ ತಪಾಸಣೆಯಂತೆ ಕೆಲಸದ ದಕ್ಷತೆಗೂ ತಪಾಸಣೆ ಬೇಕೆಂದು ವ್ಯವಸ್ಥೆ ಮಾಡಿದ್ದು ಯಾರ ಭಾಷಣದಲ್ಲೂ ಬರುವುದಿಲ್ಲ. ಅಂಥ ಮನುಷ್ಯ ಇನ್ನೊಬ್ಬ ಹುಟ್ಟಲಿ ಎಂದು ಕಾಯಬಹುದು, ತಾಲ್ಲೂಕಿಗೊಬ್ಬ ಹುಟ್ಟಲಿ ಎಂದು ಕಾಯಲಾಗುವುದಿಲ್ಲ. ಅದಕ್ಕೇ ಅವರು ಕೈಪಿಡಿ ಬರೆಸಿದ್ದಿರಬೇಕು.

26 ಸೆಪ್ಟೆಂಬರ್, ಗುರುವಾರ

ಗ್ರಾಮ ಆಡಳಿತಾಧಿಕಾರಿಗಳು ರಾಜ್ಯದಾದ್ಯಂತ ಮುಷ್ಕರಕ್ಕೆ ಕೂತಿದ್ದಾರೆ. ನಮ್ಮ ಕಚೇರಿ ಮುಂದೆಯೂ ಶಾಮಿಯಾನ.

ಅವರ ಬೇಡಿಕೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಕೂರುವುದಕ್ಕೆ ಮೇಜು, ಕುರ್ಚಿ. ಲ್ಯಾಪ್‌ಟಾಪ್, ಪ್ರಿಂಟರ್, ಒಂದು ಒಳ್ಳೆಯ ಮೊಬೈಲು. ಆಧಾರ್ ಜೋಡಣೆ, ಲ್ಯಾಂಡ್ ಬೀಟ್, ಬಗರ್ ಹುಕುಂ, ಬೆಳೆ ಸಮೀಕ್ಷೆ, ಪಿಂಚಣಿಗೆ ನವೋದಯ, ಕೊನೆಗೆ ನಮ್ಮ ‘ಒಂದು–ಐದು’ ಕೂಡ ಆ್ಯಪ್ ಆಗಿದೆ. ಎಲ್ಲವೂ ಅವರ ಸ್ವಂತ ಫೋನಿನಲ್ಲಿ, ಸ್ವಂತ ಡೇಟಾದಲ್ಲಿ. ವಿಧಾನಸೌಧದಲ್ಲಿ ಯಾರಿಗೆ ಸುಧಾರಣೆ ಹೊಳೆದರೂ ಅದು ಬಂದು ಇಳಿಯುವುದು ಈ ಹುಡುಗ ಹುಡುಗಿಯರ ಜೇಬಿಗೆ. ಹೊಸದನ್ನು ಶುರುಮಾಡಿ ಎಂಬ ಸುತ್ತೋಲೆ ವಾರಕ್ಕೊಂದು ಬರುತ್ತದೆ. ಇದು ಬಂದಿರುವುದರಿಂದ ಹಳೆಯದನ್ನು ಇನ್ನು ನಿಲ್ಲಿಸಿ ಎಂಬ ಸುತ್ತೋಲೆಯನ್ನು ನನ್ನ ಸರ್ವೀಸಿನಲ್ಲಿ ಕಂಡ ನೆನಪಿಲ್ಲ.

ಇವರಿಗಿಂತ ಮೊದಲಿದ್ದ ಶಾನುಭೋಗಿಕೆ ರದ್ದಾದದ್ದು 1961ರ ಕಾಯ್ದೆಯಿಂದ, ಜಾರಿಗೆ ಬಂದದ್ದು 1963ರ ಫೆಬ್ರವರಿ 1ಕ್ಕೆ. ಶಾನುಭೋಗರಿಗೆ ಊರಿನಲ್ಲಿ ಮನೆಯಿತ್ತು, ಮನೆಯಲ್ಲಿ ದಫ್ತರವಿತ್ತು, ದಫ್ತರದಿಂದ ದರ್ಪವಿತ್ತು. ಅದು ಹೋದದ್ದು ಒಳ್ಳೆಯದೇ ಆಯಿತು. ಅವರ ಜಾಗಕ್ಕೆ ಬಂದ ಸರ್ಕಾರಿ ನೌಕರನಿಗೆ ಮಾತ್ರ ಕೂರಲು ಜಾಗ ಇವತ್ತಿಗೂ ಗೊತ್ತಾಗಿಲ್ಲ. ಒಬ್ಬಳು, ಮದುವೆಯಾಗಿ ವರ್ಷವಾಗಿಲ್ಲದ ಹುಡುಗಿ, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: ‘ಮೇಡಂ, ನನ್ನ ವೃತ್ತದ ಕಚೇರೀಲಿ ಶೌಚಾಲಯ ಇಲ್ಲ. ಬೆಳಿಗ್ಗೆಯಿಂದ ನೀರು ಕುಡಿಯಲ್ಲ. ಇದನ್ನ ಬೇಡಿಕೆ ಪಟ್ಟಿಗೆ ಹಾಕಿ ಅಂದ್ರೆ ಗಂಡಸರು ನಕ್ಕರು.’ ಕಚೇರಿಯ ಸಂಸ್ಕೃತಿ ಎಂದು ತರಬೇತಿಯಲ್ಲಿ ಎರಡು ದಿನ ಸ್ಲೈಡು ತೋರಿಸುತ್ತಾರೆ. ಅದರಲ್ಲಿ ನೀರು ಕುಡಿಯದ ನೌಕರಳ ಪ್ರಸ್ತಾಪ ನೋಡಿಲ್ಲ.

ಸಾಹೇಬರು ಶಾಮಿಯಾನಕ್ಕೆ ಹೋಗಿ ಕೂತು ಎಲ್ಲ ಕೇಳಿಸಿಕೊಂಡರು. ರಾಜ್ಯಮಟ್ಟದ ಬೇಡಿಕೆಗೆ ಅವರೇನು ಮಾಡಿಯಾರು? ಸಂಜೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ: ‘ದೈನಂದಿನ ಪ್ರಗತಿ ವರದಿ ಇನ್ನು ಬೇಡ. ನನಗೆ ಬೇಕಾದ್ದು ತಂತ್ರಾಂಶದಲ್ಲೇ ಇದೆ, ನಾನೇ ನೋಡಿಕೊಳ್ಳುತ್ತೇನೆ.’ ಆಮೇಲೆ ಗುಂಪನ್ನೇ ಮುಚ್ಚಿದರು. ಜುಲೈಯಲ್ಲಿ ತಾವೇ ತೆರೆದದ್ದು. ನಮ್ಮಲ್ಲಿ ಒಂದು ಸರ್ಕಾರಿ ಕೆಲಸ ನಿಂತದ್ದನ್ನು ನೋಡಿದೆ ಎಂದು ಮನೆಯಲ್ಲಿ ಹೇಳಿದರೆ ಯಜಮಾನರು ನಂಬಲಿಲ್ಲ.

10 ಅಕ್ಟೋಬರ್, ಗುರುವಾರ

ನಾಳೆ ರಜೆ, ಹಾಗಾಗಿ ಇವತ್ತೇ ಆಯುಧಪೂಜೆ. ಜೀಪು, ಬೀರು, ಕಂಪ್ಯೂಟರು, ಜೊತೆಗೆ ಬೆರಳು ಒತ್ತುವ ಯಂತ್ರಕ್ಕೂ ಕುಂಕುಮ. ಮಂಡಕ್ಕಿ, ಬೂದುಗುಂಬಳ.

ಈ ಸೋಮವಾರದಿಂದ ಹೊರಗುತ್ತಿಗೆಯವರನ್ನೂ ಸಭೆಗೆ ಕರೆಯುತ್ತಿದ್ದೇವೆ. ಕೆಲವರಿಗೆ ಇಷ್ಟವಾಗಿಲ್ಲ, ‘ಅವರು ಖಾಯಂ ಅಲ್ಲವಲ್ಲ’ ಎಂದರು. ಭೂಮಿ ಕೇಂದ್ರದ ಹುಡುಗಿ ಮೊದಲ ದಿನವೇ ಹೇಳಿದ ಮಾತು: ತಿರಸ್ಕಾರದ ಕಾರಣಗಳ ಪಟ್ಟಿಯಲ್ಲಿ ‘ದಾಖಲೆ ಅಪೂರ್ಣ’ ಎಲ್ಲಕ್ಕಿಂತ ಮೇಲಿದೆ, ಎಲ್ಲರೂ ಅದನ್ನೇ ಒತ್ತಿ ಮುಂದೆ ಹೋಗುತ್ತಾರೆ. ವರ್ಷಗಟ್ಟಲೆ ನಾವು ಮೇಲಕ್ಕೆ ಕಳಿಸಿದ ವಿಶ್ಲೇಷಣೆಯಲ್ಲಿ ‘ಬಹುಪಾಲು ಅರ್ಜಿಗಳಲ್ಲಿ ದಾಖಲೆ ಅಪೂರ್ಣ’ ಎಂದು ಬರೆದದ್ದರ ಗುಟ್ಟು ಇದು! ಅವಳನ್ನು ಈ ಮೊದಲು ಯಾರೂ ಕೇಳಿರಲಿಲ್ಲ.

5 ನವೆಂಬರ್, ಮಂಗಳವಾರ

ಬಂತು ನೋಟಿಸು. ಅದೇ ಪೌತಿ ಖಾತೆ, ಎಸ್.ಡಿ.ಎ. ಹುಡುಗ ಹೆದರಿದ ಹಾಗೆಯೇ ತಮ್ಮನ ಮಗನ ದೂರು. ಮೇಲಿನ ಕಚೇರಿಯಿಂದ ಕಾರಣ ಕೇಳಿ ಪತ್ರ, ವಿಷಯ ನಿರ್ವಾಹಕನ ಹೆಸರಿಗೆ. ಹುಡುಗನ ಮುಖ ಬೆಳ್ಳಗಾಗಿತ್ತು. ಮಧ್ಯಾಹ್ನ ಊಟ ಮಾಡಲಿಲ್ಲ. ಸುತ್ತ ಎಲ್ಲರೂ ಕಡತದಲ್ಲಿ ಮುಖ ಹುದುಗಿಸಿ ಕಾಯುತ್ತಿದ್ದರು, ಈಗ ಏನಾಗುತ್ತದೆ ನೋಡೋಣ ಎಂದು. ಇಂಥ ಹೊತ್ತಿನಲ್ಲಿ ಸಾಹೇಬರಾದವರು ‘ಸಮಜಾಯಿಷಿ ಸಲ್ಲಿಸಲು ಸೂಚಿಸಿದೆ’ ಎಂದು ಕೆಳಕ್ಕೆ ತಳ್ಳುವುದು ರೂಢಿ.

ಇವರು ಉತ್ತರವನ್ನು ತಾವೇ ಬರೆದರು. ಅರ್ಧ ಪುಟ. ಸ್ಥಳ ಮಹಜರು ಮತ್ತು ವರದಿಯನ್ನು ತಾನೇ ಪರಿಶೀಲಿಸಿದ್ದೇನೆ, ಆದೇಶ ತನ್ನದು, ಸಿಬ್ಬಂದಿ ತನ್ನ ಸೂಚನೆಯಂತೆ ಕಾರ್ಯ ನಿರ್ವಹಿಸಿದ್ದಾರೆ, ಆಕ್ಷೇಪವಿದ್ದಲ್ಲಿ ತನ್ನನ್ನೇ ಕೇಳಬಹುದು. ಅದರ ಪ್ರತಿಯನ್ನು ಹುಡುಗನಿಗೂ ಕೊಟ್ಟರು.

ಅಷ್ಟೇ ಆದದ್ದು. ಇನ್ನೂ ದೂರಿನ ತೀರ್ಮಾನ ಆಗಿಲ್ಲ.

18 ನವೆಂಬರ್, ಸೋಮವಾರ

ಆ ಅರ್ಧ ಪುಟ ಮಾಡಿದ ಕೆಲಸವನ್ನು ಕ್ಯಾಮೆರಾ, ಬೆರಳಚ್ಚು, ವಾಟ್ಸ್‌ಆ್ಯಪ್ ಮೂರೂ ಸೇರಿ ಮಾಡಿರಲಿಲ್ಲ. ವರ್ಷಗಳಿಂದ ಬೀರುವಿನ ಕೆಳಗಿನ ಅರೆಯಲ್ಲಿ ಇದ್ದ ಕಡತಗಳು ಒಂದೊಂದಾಗಿ ಮೇಲೆ ಬರುತ್ತಿವೆ. ‘ಅಕ್ಕ, ಇದನ್ನ ಮಾಡಬಹುದು ಅನ್ಸತ್ತೆ’ ಎಂದು ತರುತ್ತಾರೆ. ಕೆಲವನ್ನು ಮಾಡಲಾಗುವುದಿಲ್ಲ, ಆದರೆ ‘ಆಗುವುದಿಲ್ಲ, ಈ ಕಾರಣಕ್ಕೆ’ ಎಂದು ಅರ್ಜಿದಾರನಿಗೆ ಬರೆದು ಕೊಡುತ್ತೇವೆ. ಅದೂ ಒಂದು ಕೆಲಸ.

ಎಲ್ಲವೂ ಚೆನ್ನವಲ್ಲ. ಭಯ ಹೋದಲ್ಲಿ ಕಳ್ಳನಿಗೂ ಧೈರ್ಯ ಬರುತ್ತದೆ. ಇನ್ನೊಂದು ಸೆಕ್ಷನ್ನಿನವರು ಗೋಮಾಳಕ್ಕೆ ಸೇರಿದ ಜಾಗವೊಂದರ ಕಡತವನ್ನು ಇದೇ ಹುಮ್ಮಸ್ಸಿನ ನಡುವೆ ತೂರಿಸಲು ನೋಡಿದರು, ಟಿಪ್ಪಣಿಯಲ್ಲಿ ‘ಜನಸ್ನೇಹಿ ದೃಷ್ಟಿಯಿಂದ’ ಎಂದು ಬೇರೆ ಬರೆದಿದ್ದರು. ಪಹಣಿಯ ಹಳೆಯ ಪ್ರತಿ ತೆಗೆಸಿ ನೋಡಿದ್ದರಿಂದ ಸಿಕ್ಕಿಬಿತ್ತು. ಸಾಹೇಬರು ಅವರಿಗೆ ಲಿಖಿತವಾಗಿ ಕಾರಣ ಕೇಳಿದ್ದಾರೆ. ಇನ್ನು ಸೋಮವಾರದ ಸಭೆಯಲ್ಲಿ ತಿರಸ್ಕರಿಸಿದ್ದರ ಜೊತೆಗೆ ಮಂಜೂರಾದ ಕೆಲವನ್ನೂ ಚೀಟಿ ಎತ್ತಿ ಓದುವುದೆಂದು ಆಗಿದೆ. ಹುಡುಗನ ಬೆನ್ನಿಗೆ ನಿಂತದ್ದು, ಇವರನ್ನು ಹಿಡಿದದ್ದು ಎರಡೂ ಎಲ್ಲರ ಕಣ್ಣೆದುರೇ ಆದದ್ದು ಒಳ್ಳೆಯದಾಯಿತು. ಒಂದೇ ಆಗಿದ್ದರೆ ಅರ್ಥವೇ ಬೇರೆಯಾಗುತ್ತಿತ್ತು.

11 ಡಿಸೆಂಬರ್, ಬುಧವಾರ

ನಿನ್ನೆ ಎಸ್.ಎಂ. ಕೃಷ್ಣ ತೀರಿಕೊಂಡರು. ಇವತ್ತು ಸರ್ಕಾರಿ ರಜೆ. ಸೋಮನಹಳ್ಳಿಯ ಅಂತ್ಯಕ್ರಿಯೆಯನ್ನು ಟಿ.ವಿ.ಯಲ್ಲಿ ನೋಡಿದೆ.

1999ರಿಂದ 2004ರವರೆಗೆ ಅವರು ಮುಖ್ಯಮಂತ್ರಿ. ಟಿ.ವಿ.ಯವರು ಐ.ಟಿ., ಸಿಂಗಪುರ ಎಂದು ಹೇಳುತ್ತಿದ್ದರು. ನಮಗೆ ಕಂದಾಯದವರಿಗೆ ಆ ಕಾಲ ಎಂದರೆ ‘ಭೂಮಿ’ ಯೋಜನೆ. ಸುಮಾರು ಎರಡು ಕೋಟಿ ಪಹಣಿ, 67 ಲಕ್ಷ ಹಿಡುವಳಿದಾರರು, ಎಲ್ಲವೂ ಗ್ರಾಮ ಲೆಕ್ಕಿಗರ ಕೈಬರಹದಿಂದ ಕಂಪ್ಯೂಟರಿಗೆ. ರಾಜೀವ್ ಚಾವ್ಲಾ ಅವರು ಹಿಡಿದ ಪಟ್ಟು. ಒಂದು ತಾಲ್ಲೂಕು ಕಂಪ್ಯೂಟರಿಗೆ ಬಂದ ದಿನವೇ ಅಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲ ಎಂದು ಅಧಿಸೂಚನೆ. ಹಿಂದಕ್ಕೆ ಹೋಗುವ ಬಾಗಿಲನ್ನೇ ಮುಚ್ಚಿದರು. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ, ಯಾರ ಮುಖವನ್ನೂ ನೋಡಬೇಕಿಲ್ಲ. ಬೆರಳು ಒತ್ತಿದವರೇ ಹೊಣೆ. ಮ್ಯುಟೇಷನ್ ಅರ್ಜಿಗಳನ್ನು ಬಂದ ಸರತಿಯಲ್ಲೇ ತೆಗೆದುಕೊಳ್ಳಬೇಕು, ಹಿಂದಿನದನ್ನು ಬಿಟ್ಟು ಮುಂದಿನದನ್ನು ಮುಟ್ಟಲು ತಂತ್ರಾಂಶ ಬಿಡುತ್ತಿರಲಿಲ್ಲ. ಆ ದಿನಗಳ ಕಿಟಕಿಯ ಮುಂದಿನ ಸಾಲು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪಹಣಿ ಕೈಗೆ ಬಂದ ಮೇಲೂ ಜನ ಹೋಗದೆ ನಿಂತಿರುತ್ತಿದ್ದರು, ಇನ್ನು ಯಾರಿಗೆ ಏನು ಕೊಡಬೇಕು ಎಂದು.

ಪಹಣಿಗೆ ಲಂಚ ಹೋಯಿತು. ಹೋದದ್ದು ಹೋದದ್ದೇ, ಮರಳಿ ಬರಲಿಲ್ಲ. ಮ್ಯುಟೇಷನ್ನಿಗೆ? ಅಲ್ಲಿ ಒಬ್ಬ ಮನುಷ್ಯ ತೀರ್ಮಾನ ಮಾಡಬೇಕು, ಸ್ಥಳಕ್ಕೆ ಹೋಗಬೇಕು, ತಕರಾರು ಕೇಳಬೇಕು. ನಾನು ಕೆಲಸ ಮಾಡಿದ ಕಡೆಗಳಲ್ಲಿ ಹಳೆಯ ಕಚೇರಿ ಅಲ್ಲಿ ಹಾಗೆಯೇ ಉಳಿಯಿತು, ಕಂಪ್ಯೂಟರಿನ ಹಿಂದೆ ಕೂತು. ನಕಲು ಕೊಡುವ ಕೆಲಸವನ್ನು ಯಂತ್ರ ಬದಲಿಸಬಲ್ಲದು. ತೀರ್ಮಾನ ಕೊಡುವ ಕೆಲಸದಲ್ಲಿ ಯಂತ್ರಕ್ಕೆ ಅಷ್ಟು ದೂರ ಹೋಗಲಾಗುವುದಿಲ್ಲ.

ಅದೇ ಕಾಲದ ಇನ್ನೊಂದು ಸಂಗತಿಯನ್ನು ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲಿ ಕೇಳಿದ್ದೆ. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರಿನ ಸ್ಯಾಮ್ಯುಯೆಲ್ ಪಾಲ್ 1994ರಲ್ಲಿ ಜನರನ್ನೇ ಕೇಳಿ ನಗರದ ಸಂಸ್ಥೆಗಳಿಗೆ ಅಂಕಪಟ್ಟಿ ಕೊಟ್ಟರು: ನೀರು, ವಿದ್ಯುತ್, ಪಾಲಿಕೆ, ಬಿ.ಡಿ.ಎ. ಎಲ್ಲ ಸೇರಿ ತೃಪ್ತಿ ಇದೆ ಎಂದವರು ಶೇ 9. ಮತ್ತೆ 1999ರಲ್ಲಿ ಕೇಳಿದರೆ 34, 2003ರಲ್ಲಿ 49. ನಡುವೆ ಕೃಷ್ಣ ಅವರು ನಂದನ್ ನಿಲೇಕಣಿ ಅಧ್ಯಕ್ಷತೆಯಲ್ಲಿ ಬೆಂಗಳೂರು ಅಜೆಂಡಾ ಕಾರ್ಯಪಡೆ ಮಾಡಿದ್ದರು, ಸಂಸ್ಥೆಗಳ ಮುಖ್ಯಸ್ಥರು ಸಾರ್ವಜನಿಕರ ಮುಂದೆ ವೇದಿಕೆ ಮೇಲೆ ನಿಂತು ಇಷ್ಟು ಮಾಡಿದೆವು, ಇಷ್ಟು ಮಾಡಲಿಲ್ಲ ಎಂದು ಹೇಳಬೇಕಿತ್ತು. ಅಂಕಪಟ್ಟಿ ನೋಡಿ ನಾಚಿಕೊಂಡವರು ಬದಲಾದರು, ಸಿಟ್ಟಾದವರು ಬದಲಾಗಲಿಲ್ಲ ಎಂದು ಪಾಠ ಮಾಡಿದವರು ನಗುತ್ತಾ ಹೇಳಿದ್ದರು. 2004ರಲ್ಲಿ ಸರ್ಕಾರ ಬದಲಾಯಿತು, ಕಾರ್ಯಪಡೆಯೂ ನಿಂತಿತು. ಭೂಮಿ ನಿಲ್ಲಲಿಲ್ಲ. ಒಂದಕ್ಕೆ ಕಾನೂನಿನ, ಅಧಿಸೂಚನೆಯ ಬೇರು ಇತ್ತು, ಇನ್ನೊಂದಕ್ಕೆ ಒಬ್ಬ ಮುಖ್ಯಮಂತ್ರಿಯ ಆಸಕ್ತಿ ಇತ್ತು.

ನಮ್ಮ ಲೆಡ್ಜರಿಗೆ ಎರಡೂ ಇಲ್ಲ.

21 ಡಿಸೆಂಬರ್, ಶನಿವಾರ

ಸಾಹೇಬರಿಗೆ ವರ್ಗಾವಣೆ. ಗೋಮಾಳದ ಕಡತದ ಹಿಂದೆ ಇದ್ದವರ ಕೈವಾಡ ಎಂದು ಕಚೇರಿಯಲ್ಲಿ ಗುಸುಗುಸು. ಇರಬಹುದು, ಇರದೆಯೂ ಇರಬಹುದು. ಪೂರ್ತಿ ಅವಧಿ ಮುಗಿಸಿ ಹೋದ ತಹಶೀಲ್ದಾರರು ಎಷ್ಟು ಜನರನ್ನು ನೋಡಿದ್ದೇನೆ ಎಂದು ಬೆರಳು ಮಡಿಸಿದರೆ ಒಂದು ಕೈ ಸಾಕು.

ಮುದುಕಪ್ಪನ ಪೋಡಿ ‘ಒಂದು–ಐದು’ ಮುಗಿಸಿ ಸರ್ವೆಗೆ ಹೋಗಿದೆ. ಮೂಲ ಮಂಜೂರಾತಿ ಕಡತ ಕೊನೆಗೂ ಸಿಗಲಿಲ್ಲ, ಮಂಜೂರಾತಿ ವಹಿಯ ನಮೂದು, ಸಾಗುವಳಿ ಚೀಟಿಯ ಆಧಾರದ ಮೇಲೆ ಮಾಡಿದ್ದು. ಟಿಪ್ಪಣಿ ಬರೆದವನು ಅದೇ ಎಸ್.ಡಿ.ಎ. ಹುಡುಗ, ಯಾರೂ ಹೇಳದೆ.

6 ಜನವರಿ 2025, ಸೋಮವಾರ

ಹೊಸಬರು ಬಂದಿದ್ದಾರೆ. ಅನುಭವಸ್ಥರು, ಮೃದು ಮಾತು. ಸೋಮವಾರದ ಸಭೆಯ ವಿಷಯ ಹೇಳಿದೆ. ‘ಒಳ್ಳೇದು ಮೇಡಂ, ನೋಡೋಣ. ಇದಕ್ಕೆ ಸರ್ಕಾರದ ಆದೇಶ ಏನಾದ್ರೂ ಇದೆಯಾ?’ ಎಂದರು. ಇಲ್ಲ ಎಂದೆ. ‘ಸದ್ಯಕ್ಕೆ ಬೇಡ, ಆಮೇಲೆ ಚರ್ಚಿಸೋಣ.’

ಬೇಡ ಎಂದದ್ದು ಛೇಂಬರಿನ ಸಭೆ. ಲೆಡ್ಜರು ನನ್ನ ಟೇಬಲ್ಲಿನದು, ಶಿರಸ್ತೇದಾರಳಾಗಿ ನನ್ನ ಸೆಕ್ಷನ್ನುಗಳ ಕೆಲಸ ನೋಡುವುದಕ್ಕೆ ನನಗೆ ಯಾರ ಆದೇಶವೂ ಬೇಕಿಲ್ಲ. ಹತ್ತೂಕಾಲಿಗೆ ಅಲ್ಲೇ ಕೂತು ಓದಿದೆವು. ಎಲ್ಲರೂ ಬರಲಿಲ್ಲ. ಎಸ್.ಡಿ.ಎ. ಹುಡುಗ ಬಂದ, ಭೂಮಿ ಕೇಂದ್ರದ ಹುಡುಗಿ ಬಂದಳು, ಇಬ್ಬರು ಆರ್.ಐ.ಗಳಲ್ಲಿ ಒಬ್ಬರು ಬಂದರು.

ಇದು ಉಳಿಯುತ್ತದೆ ಎಂದು ನನಗೆ ಭರವಸೆ ಇಲ್ಲ. ಮೇಲಿನಿಂದ ಆದೇಶ ಬಾರದಿದ್ದರೆ ನಾನು ನಿವೃತ್ತಳಾದ ಮೇಲೆ ಲೆಡ್ಜರು ರದ್ದಿಗೆ ಹೋಗುತ್ತದೆ. ಆದೇಶ ಬಂದರೆ ಇದಕ್ಕೂ ಒಂದು ಆ್ಯಪ್ ಮಾಡಿ, ಸಂಜೆ ಐದರೊಳಗೆ ಪ್ರಗತಿ ಕಳಿಸಿ ಎನ್ನುತ್ತಾರೆ.

ಕಳೆದ ವಾರ ತಿರಸ್ಕೃತವಾದವು ಏಳು. ಎರಡನ್ನು ತಿರಸ್ಕರಿಸಬಾರದಿತ್ತು. ನಾಳೆ ಬೆಳಿಗ್ಗೆ ಆ ಇಬ್ಬರಿಗೂ ಫೋನ್ ಮಾಡಿ ಹೊಸ ಅರ್ಜಿ ಹಾಕಿಸಬೇಕು.